ಭಾನುವಾರ ರ‍್ಯಾಂಪ್ ಅಳೆಯೋಣ, ಬನ್ನಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ 7 ಗಂಟೆಗೆ ನಮ್ಮ ಬಡಾವಣೆಯ ಸಮುದಾಯ ಭವನದ ಮುಂದೆ ಸೇರೋಣ. ಅಳತೆ ಟೇಪ್ ಇದ್ದವರು ತನ್ನಿ.

ಹೋದ ವಾರ ಭವನದ ರ‍್ಯಾಂಪ್ ಮೇಲೆ, ಅಂದರೆ ಮೆಟ್ಟಿಲ ಬದಲು ಇರುವ ಇಳಿಜಾರು ದಾರಿಯಲ್ಲಿ, ಅಮ್ಮನ ವೀಲ್‌ಚೇರ್ ಹತ್ತಿಸುವಾಗ ಅರ್ಧದಲ್ಲೇ ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಅಮ್ಮ ಎರಡೂ ಚಕ್ರ ಹಿಡಿದುಬಿಟ್ಟರು, ಅಂಗೈ ಉಜ್ಜಿ ಕೆಂಪಾಯಿತು. ಆಮೇಲೆ ಅಳೆದು ನೋಡಿದೆ. ಮೆಟ್ಟಿಲುಗಳ ಒಟ್ಟು ಎತ್ತರ ಒಂದೂವರೆ ಅಡಿ, ರ‍್ಯಾಂಪ್ ಉದ್ದ ಬರೀ 6 ಅಡಿ! ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಇರಬೇಕು ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ಅಳತೆ. ಅಂದರೆ ನಮಗೆ 18 ಅಡಿ ಬೇಕು. ಕಡಿದಾದಷ್ಟೂ ತಳ್ಳುವವರಿಗೆ ಭಾರ ಜಾಸ್ತಿ, ತಾವೇ ಉರುಳಿಸಿಕೊಂಡು ಹೋಗುವವರಿಗಂತೂ ಭುಜವೇ ಕಳಚಿ ಬಂದ ಹಾಗಾಗುತ್ತದೆ.

ಅಷ್ಟು ನೇರ ಜಾಗ ಇಲ್ಲ, ನಿಜ. ಮಧ್ಯೆ ತಿರುವು ಕೊಟ್ಟು ಎರಡು ತುಂಡು ಮಾಡಬಹುದು ಅಲ್ವಾ? ತಿರುವಿನಲ್ಲಿ ಕನಿಷ್ಠ 5 ಅಡಿ ಸಮತಟ್ಟು ಜಾಗ ಬಿಡಬೇಕು. ಪಕ್ಕದಲ್ಲಿ ಕೈಹಿಡಿ ಬೇಕೇ ಬೇಕು. ನುಣುಪಾದ ಟೈಲ್ಸ್ ಮಾತ್ರ ಬೇಡ, ಮಳೆ ಬಂದರೆ ಅದು ಎಣ್ಣೆ ಸುರಿದ ಹಾಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲರೂ ಓಡಾಡುವಂಥ ಕಟ್ಟಡವನ್ನು ಹಕ್ಕು ಅಂತಲೇ ನೋಡುತ್ತದೆ. ನಾವು ಯಾರಿಗೂ ಉಪಕಾರ ಮಾಡುತ್ತಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಎಳೆಗೂಸು ಇರುವವರು ಒಂದು ತಿಂಗಳೊಳಗೆ ಕಿವಿ ಪರೀಕ್ಷೆ ಮಾಡಿಸಿ. ಮಗು ಮಲಗಿದ್ದಾಗಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ, ನೋವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ಇರುವಂಥದ್ದು, ನಮ್ಮೂರಲ್ಲೇ ಇದೆ.

ಭಾನುವಾರ ಬರುವವರು ಇಲ್ಲೇ ತಿಳಿಸಿ.