ಉರಿಗೆ ಬೇರೆ ಮದ್ದು, ಭುಜಕ್ಕೆ ಬೇರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಸುರೇಶ,

ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಮೇಲೆ ರಾತ್ರಿ ಕಾಲು ಉರಿಯುತ್ತೆ, ಹಗಲು ಭುಜ ನೋಯುತ್ತೆ, ಎರಡಕ್ಕೂ ಡೈಕ್ಲೋಫೆನಾಕ್ ನುಂಗ್ತಿದ್ದೀನಿ ಅಂತ ಬರೆದಿದ್ದೀಯ. ಮೊದಲು ಈ ಎರಡನ್ನೂ ಬೇರೆ ಮಾಡು. ಮುಟ್ಟಿದರೂ ಗೊತ್ತಾಗದ ಕಾಲಲ್ಲಿ ಬೆಂಕಿಯಂಥ ಉರಿ, ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು ನರನೋವು. ಹುಟ್ಟುವ ಜಾಗ ಕಾಲಲ್ಲ, ಪೆಟ್ಟು ತಿಂದ ಬೆನ್ನುಹುರಿ. ‘ಸ್ಪರ್ಶವೇ ಇಲ್ಲ ಅಂದಮೇಲೆ ನೋವೆಲ್ಲಿಯದು’ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಡೈಕ್ಲೋಫೆನಾಕ್ ಊತ ಇಳಿಸುವ ಮಾತ್ರೆ. ಈ ಉರಿಗೆ ಅದು ನಾಟುವುದಿಲ್ಲ, ದಿನವೂ ನುಂಗಿದರೆ ಕಿಡ್ನಿಗೆ ಕೇಡು.

ನರನೋವಿಗೆ ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಪ್ರಿಗಾಬಲಿನ್ ಅಥವಾ ಗಾಬಾಪೆಂಟಿನ್. ಪ್ರಿಗಾಬಲಿನ್ 75 ಮಿಲಿಗ್ರಾಂ ದಿನಕ್ಕೆರಡು ಸಲದಿಂದ ಶುರುವಾಗಿ, ಸಲಕ್ಕೆ 150ಕ್ಕೆ, ಬೇಕಾದರೆ 300ಕ್ಕೆ ಏರುತ್ತದೆ. ಕಿಡ್ನಿ ಸೋತಿದ್ದರೆ ಪ್ರಮಾಣ ಕಡಿಮೆ. ಹಾಗಾಗಿ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಡಾಕ್ಟರಿಗೆ ತೋರಿಸು. ಮೊದಲ ವಾರದ ಮಂಪರು, ತಲೆಸುತ್ತು ನೋಡಿ ಬಹಳ ಜನ ಬಿಟ್ಟೇಬಿಡುತ್ತಾರೆ. ಒಂದೆರಡು ವಾರ ತಾಳಿಕೊಂಡು ನೋಡು. ಹೆಂಡದ ಜೊತೆ ಮಾತ್ರ ಬೇಡವೇ ಬೇಡ. ನಿಲ್ಲಿಸುವಾಗಲೂ ಡಾಕ್ಟರ್ ಹೇಳಿದಂತೆ, ಕನಿಷ್ಠ ಒಂದು ವಾರ ತೆಗೆದುಕೊಂಡು, ಹಂತಹಂತವಾಗಿ ಇಳಿಸಬೇಕು. ನೋವು ಸೊನ್ನೆಗೆ ಬರುವುದಿಲ್ಲ. ಹತ್ತರಲ್ಲಿ ಎಂಟಿದ್ದದ್ದು ಐದಕ್ಕೆ ಇಳಿದು ನಿದ್ದೆ ಬಂದರೆ ಮಾತ್ರೆ ಕೆಲಸ ಮಾಡಿದೆ ಅಂತಲೇ ಲೆಕ್ಕ.

ನರನೋವಿಗೆ ರಾತ್ರಿ ಕೊಡುವ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ನಿದ್ದೆಗೂ ಆಗುತ್ತದೆ. ಆದರೆ ಅದು ಮಲ ಕಟ್ಟಿಸುತ್ತದೆ, ಮೂತ್ರ ತಡೆಯುತ್ತದೆ. ಹೊಟ್ಟೆ ಕಟ್ಟಿದರೆ ಕಾಲಿನ ಸೆಳೆತವೂ ಉರಿಯೂ ಏರುತ್ತವೆ, ಆಗ ಮಾತ್ರೆ ಇನ್ನೊಂದಿಷ್ಟು ಏರುತ್ತದೆ. ಟ್ರಮಡಾಲ್ ಎಂಬ ನೋವಿನ ಮಾತ್ರೆಯಲ್ಲೂ ಮಲಬದ್ಧತೆಯ ಇದೇ ಕಾಟ. ಜೊತೆಗೆ, ಈ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಫಿಟ್ಸ್ ಬರುವ ಅಪಾಯ ಹೆಚ್ಚು. ಒಬ್ಬ ಡಾಕ್ಟರ್ ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸದೆ ಬರಬೇಡ.

ಇದ್ದಕ್ಕಿದ್ದಂತೆ ಉರಿ ಜಾಸ್ತಿಯಾದರೆ ಮಾತ್ರೆಗೆ ಕೈ ಹಾಕುವ ಮೊದಲು ಮೈ ಹುಡುಕು. ಮೂತ್ರ ಕದಡಿದೆಯಾ, ವಾಸನೆ ಬಂತಾ, ಜ್ವರ ಇದೆಯಾ? ಮಲ ಹೋಗಿ ಎಷ್ಟು ದಿನವಾಯಿತು? ಕನ್ನಡಿ ಹಿಡಿದು ಪೃಷ್ಠ, ಬಾಲಮೂಳೆ, ಹಿಮ್ಮಡಿ ನೋಡು. ಒತ್ತಿದರೂ ಮಾಸದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ ಶುರು. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು, ಬಿಸಿಯೋ ಗಟ್ಟಿಯೋ ಆಗಿದೆಯಾ ಮುಟ್ಟಿ ನೋಡು. ಉರಿ ಏರಲು ಒಳಗೆ ಬೆಳೆದ ಕಾಲುಗುರು, ಬಿಗಿಯಾದ ಶೂ ಕೂಡ ಸಾಕು. ಇದೇನೂ ಇಲ್ಲದೆ ಕೈಗೆ ಹೊಸದಾಗಿ ಬಲ ಕಡಿಮೆಯಾದರೆ, ಸ್ಪರ್ಶ ಹೋದ ಗಡಿ ಮೇಲೇರಿದರೆ, ಕೆಮ್ಮಿದಾಗ ನೋವು ಸಿಡಿದರೆ, ಬೆನ್ನುಹುರಿಯೊಳಗೆ ನೀರುಗುಳ್ಳೆ ಕಟ್ಟಿರಬಹುದು. ಪೆಟ್ಟಾಗಿ ವರ್ಷಗಟ್ಟಲೆ ಕಳೆದ ಮೇಲೂ ಹೀಗಾಗುತ್ತದೆ. ಎಂಆರ್‌ಐ ತಡಮಾಡಬೇಡ.

ನಿನ್ನದು ಟಿ4, ಅಂದರೆ ಬೆನ್ನುಹುರಿಯ ಎದೆಭಾಗದ ನಾಲ್ಕನೇ ಮಟ್ಟದ ಪೆಟ್ಟು, ಆದ್ದರಿಂದ ಇದೊಂದನ್ನು ಮನೆಯವರಿಗೂ ಕಲಿಸು. ಟಿ6 ಮತ್ತು ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಯಾವುದೇ ಕಿರಿಕಿರಿಯಿಂದ ಬಿಪಿ ಸರ್ರನೆ ಏರಬಹುದು: ತಲೆ ಸಿಡಿತ, ಮುಖ ಕೆಂಪು, ಮೈಯ ಮೇಲ್ಭಾಗದಲ್ಲಿ ಬೆವರು. ನಿನ್ನ ಮಾಮೂಲಿ ಬಿಪಿಯ ಮೇಲಿನ ಅಂಕಿ 100 ಇದ್ದರೆ 130 ಕೂಡ ಎಚ್ಚರಿಕೆಯೇ. ತಕ್ಷಣ ಎಬ್ಬಿಸಿ ಕೂರಿಸಬೇಕು, ಮಲಗಿಸಬಾರದು. ಬೆಲ್ಟು, ಕಾಲುಚೀಲ ಸಡಿಲಿಸಿ, ಮೂತ್ರದ ಪೈಪ್ ಮಡಚಿದೆಯಾ ನೋಡಬೇಕು. ಪೈಪ್ ಇಲ್ಲದಿದ್ದರೆ ಹಾಕಿ ಮೂತ್ರ ತೆಗೆಯಬೇಕು. ಇಳಿಯದಿದ್ದರೆ ಆಸ್ಪತ್ರೆ, ಅದೂ ಕೂತೇ.

ಇನ್ನು ಭುಜ. ಅದು ದುಡಿದು ಸವೆದ ಸ್ನಾಯುವಿನ ನೋವು, ಮಾತ್ರೆಗಿಂತ ಗಾಲಿಕುರ್ಚಿ ಸರಿಯಾಗಬೇಕು. ಕೈಯನ್ನು ಚಕ್ರದ ರಿಮ್ಮಿನ ಮೇಲ್ತುದಿಯಲ್ಲಿಟ್ಟಾಗ ಮೊಣಕೈಯಲ್ಲಿ ಮೇಲ್ತೋಳು, ಕೆಳತೋಳಿನ ನಡುವಿನ ಕೋನ 100ರಿಂದ 120 ಡಿಗ್ರಿ ಇರಲಿ. ದೊಡ್ಡ ಚಕ್ರದ ಆಕ್ಸಲ್ (ಅಚ್ಚು) ಮುಂದೆ ಸರಿದಷ್ಟೂ ತಳ್ಳುವುದು ಸಲೀಸು. ಆದರೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಅಷ್ಟೇ ಹೆಚ್ಚು, ಹಿಂದೆ ಪುಟ್ಟ ಚಕ್ರ ಹಾಕಿಸು. ಚಕ್ರವನ್ನು ಚಿಕ್ಕಚಿಕ್ಕದಾಗಿ ತಳ್ಳುವುದು ಬೇಡ, ಉದ್ದಕ್ಕೆ ತಳ್ಳಿ ಕೈ ಕೆಳಗೆ ಬಿಡು. ಮಂಚ ಕುರ್ಚಿಯ ಎತ್ತರಕ್ಕೇ ಇರಲಿ, ಜರುಗಲು ಹಲಗೆ ಬಳಸು. ಒತ್ತಡ ತಪ್ಪಿಸಲು ಕೈಯೂರಿ ಮೈ ಎತ್ತುವುದನ್ನು ಬಿಡು: ಅರ್ಧ ಗಂಟೆಗೊಮ್ಮೆ ತೊಡೆಯ ಮೇಲೆ ಎರಡು ನಿಮಿಷ ಮುಂದಕ್ಕೆ ಬಾಗಿದರೆ ಚರ್ಮಕ್ಕೂ ಒಳ್ಳೆಯದು, ಭುಜಕ್ಕೂ.

ಬಿಸಿನೀರಿನ ಚೀಲ ಭುಜಕ್ಕೆ ಇಟ್ಟುಕೋ. ಕಾಲಿಗೆ ಖಂಡಿತ ಬೇಡ. ಸುಟ್ಟರೂ ನಿನಗೆ ತಿಳಿಯುವುದಿಲ್ಲ.

ನಿನ್ನ,
ರವಿ