ಬೆಳಗಿನ ಕಾಯಿಲೆಗೆ ಮಧ್ಯಾಹ್ನದ ತಪಾಸಣೆ

ಮಾನ್ಯ ಸಂಪಾದಕರಿಗೆ,

ಕಾಫಿ ಕೊಯ್ಲಿನ ದಿನಗಳಲ್ಲಿ ನಮ್ಮ ಆಲ್ದೂರಿನ ಸುತ್ತಮುತ್ತ ಬೆಳಿಗ್ಗೆ ಆರು ಗಂಟೆಗೆ ಮಂಜಿನೊಳಗಿಂದ ಮೊದಲು ಕೇಳಿಸುವುದು ಪಿಕಪ್ ಗಾಡಿಗಳ ಕೆಮ್ಮು. ಸೆಲ್ಫ್ ಎರಡು ಮೂರು ಬಾರಿ ತಿರುಗಿದ ಮೇಲೆ ಎಂಜಿನ್ ಹತ್ತಿಕೊಳ್ಳುತ್ತದೆ, ಮಿಸ್ ಹೊಡೆಯುತ್ತಾ ಇಡೀ ಗಾಡಿಯನ್ನು ಗಡಗಡ ನಡುಗಿಸುತ್ತದೆ, ಕಣ್ಣು ಉರಿಸುವ ಬಿಳಿ ಹೊಗೆ ಬಿಡುತ್ತದೆ. ಮೂರು ನಾಲ್ಕು ನಿಮಿಷ ಕಳೆದರೆ ಏನೂ ಆಗಿಲ್ಲವೆಂಬಂತೆ ಸರಿಹೋಗುತ್ತದೆ. ಹೀಗೆ ತಾನಾಗಿಯೇ ಸರಿಹೋಗುವುದರಿಂದಲೇ ಈ ದೋಷ ಸಿಕ್ಕಿಬೀಳುವುದಿಲ್ಲ, ಗಾಡಿಯವರ ಕೈ ಕಚ್ಚುವುದೂ ಅದರಿಂದಲೇ.

ನನ್ನದು 2014ರ ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್. ಕಳೆದ ಡಿಸೆಂಬರಿನಲ್ಲಿ ಇದೇ ತೊಂದರೆ ಹೇಳಿಕೊಂಡು ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿಗೆ ಹೋದೆ. ಅಲ್ಲಿ ತಲುಪುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು, ನಡುಕ ಯಾರ ಕಿವಿಗೂ ಬೀಳಲಿಲ್ಲ. ಆದರೂ, ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ‘ಇಂಜೆಕ್ಟರ್ ಹೋಗಿದೆ’ ಎಂದರು. ನಾಲ್ಕನ್ನೂ ಬಿಚ್ಚಿ ರಿಪೇರಿ ಮಾಡಿಸಿ 18 ಸಾವಿರ ರೂಪಾಯಿ ಬಿಲ್ ಕೊಟ್ಟರು. ಮರುದಿನ ಬೆಳಿಗ್ಗೆ ಅದೇ ನಡುಕ, ಅದೇ ಹೊಗೆ.

ಕೊನೆಗೆ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ತಗಡಿನ ಶೆಡ್ಡಿಗೆ ಒಯ್ದೆ. ಅವರು ಬಾನೆಟ್ಟನ್ನೂ ಎತ್ತದೆ ಹೇಳಿದ್ದು ಇಷ್ಟು: ‘ರಾತ್ರಿ ಗಾಡಿ ಇಲ್ಲೇ ಇರಲಿ. ಬೆಳಿಗ್ಗೆ ನಾನು ಬರೋವರೆಗೆ ಯಾರೂ ಕೀ ತಿರುಗಿಸಬೇಡಿ.’

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇರುವುದಿಲ್ಲ. ಒತ್ತಿದ ಗಾಳಿಯ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಎಂಜಿನ್ನಿನ ಕಬ್ಬಿಣ ಆ ಶಾಖವನ್ನು ಹೀರಿಕೊಳ್ಳುವುದರಿಂದ ನೆರವಿಗೆಂದು ಇಂಥ ಹಲವು ಎಂಜಿನ್ನುಗಳಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್ ಇರುತ್ತದೆ. ಅದರ ತುದಿ ಕೆಲವೇ ಸೆಕೆಂಡುಗಳಲ್ಲಿ 800 ಡಿಗ್ರಿ ದಾಟಿ ಕೆಂಡವಾಗುತ್ತದೆ. ಒಂದೆರಡು ಪ್ಲಗ್ ಸತ್ತರೆ ಆ ಸಿಲಿಂಡರುಗಳಲ್ಲಿ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬರುತ್ತದೆ, ಉಳಿದವು ಮಾತ್ರ ದುಡಿಯುವುದರಿಂದ ಎಂಜಿನ್ ಕುಂಟುತ್ತದೆ. ಬಿಸಿಯೇರಿದ ಮೇಲೆ ಪ್ಲಗ್ಗಿನ ಹಂಗೇ ಬೇಕಿಲ್ಲ. ಹನ್ನೊಂದು ಗಂಟೆಗೆ ನೋಡಿದವರಿಗೆ ಏನು ತಾನೇ ಕಾಣಬೇಕು? ಹಳೆಯ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಸುರುಳಿ ದೀಪ ಹತ್ತಿ ಆರಿದ ಮಾತ್ರಕ್ಕೆ ಪ್ಲಗ್ಗುಗಳು ಕಾದವೆಂದು ನಂಬುವಂತಿಲ್ಲ, ಅದು ಟೈಮರಿನ ಲೆಕ್ಕಕ್ಕೆ ಆರುತ್ತದೆ ಅಷ್ಟೆ.

ಬೆಳಿಗ್ಗೆ ಅವರು ಪ್ಲಗ್ಗುಗಳನ್ನು ಜೋಡಿಸುವ ಲೋಹದ ಪಟ್ಟಿಯನ್ನು ಬಿಚ್ಚಿ, 12 ವೋಲ್ಟಿನ ಬಲ್ಬಿನ ಒಂದು ವೈರನ್ನು ಬ್ಯಾಟರಿಯ ಪ್ಲಸ್ಸಿಗೆ ಕೊಟ್ಟು, ಇನ್ನೊಂದನ್ನು ಪ್ಲಗ್ಗುಗಳ ತಲೆಗೆ ಒಂದೊಂದಾಗಿ ಮುಟ್ಟಿಸಿದರು. ಒಂದು ಮತ್ತು ನಾಲ್ಕನೆಯದಕ್ಕೆ ಬಲ್ಬ್ ಹತ್ತಿತು, ನಡುವಿನ ಎರಡಕ್ಕೆ ಹತ್ತಲಿಲ್ಲ. ಮಲ್ಟಿಮೀಟರ್ ಹಿಡಿದು ವಿದ್ಯುತ್ ರೋಧ ಅಳೆದಾಗ ಒಳ್ಳೆಯವು ಒಂದು ಓಮ್‌ನ ಆಸುಪಾಸು ತೋರಿಸಿದರೆ, ಕೆಟ್ಟವು ಏನನ್ನೂ ತೋರಿಸಲಿಲ್ಲ. ಇಷ್ಟಕ್ಕೆ ಹಿಡಿದದ್ದು ಹತ್ತು ನಿಮಿಷ. ಬಿಚ್ಚುವುದಕ್ಕೆ ಮಾತ್ರ ಅವರು ಆತುರಪಡಲಿಲ್ಲ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ ಬಿಸಿ ಮಾಡಿ, ಸ್ಪಾನರನ್ನು ಅತ್ತ ಕಾಲು ಸುತ್ತು, ಇತ್ತ ಕಾಲು ಸುತ್ತು ಎಂದು ಆಡಿಸುತ್ತಾ ತೆಗೆದರು. ಜೋರು ಮಾಡಿ ಪ್ಲಗ್ ಒಳಗೇ ಮುರಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನೇ ಇಳಿಸುವ ಪ್ರಸಂಗ ಬರಬಹುದು.

ಎರಡು ಹೊಸ ಪ್ಲಗ್ ಹಾಕಿದ ಮೇಲೆ ಹೊಗೆ ನಿಂತಿತು. ಆದರೆ ಮರುದಿನ ಬೆಳಿಗ್ಗೆ ಅರ್ಧ ನಿಮಿಷದಷ್ಟು ನಡುಕ ಉಳಿದೇ ಇತ್ತು. ಅದರ ಮುಂದಿನ ದಿನ ಸ್ಟಾರ್ಟ್ ಮಾಡುವ ಮೊದಲು ಅವರು ಡೀಸೆಲ್ ಫಿಲ್ಟರಿನ ಬಳಿಯ ಕೈಪಂಪನ್ನು ಒತ್ತಿ ನೋಡಿದರು, ಗಟ್ಟಿಯಾಗಿರಬೇಕಾದದ್ದು ಮೆತ್ತಗಿತ್ತು. ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿದರೆ ಗಾಡಿ ನಡುಗಲಿಲ್ಲ. ಟ್ಯಾಂಕಿನಿಂದ ಬರುವ ರಬ್ಬರ್ ಹೋಸ್ ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಸೀಳಿತ್ತು. ಅದು ಡೀಸೆಲ್ ಎಳೆದುಕೊಳ್ಳುವ ಕಡೆಯಾದ್ದರಿಂದ ನೆಲಕ್ಕೆ ಒಂದು ಹನಿಯೂ ಬೀಳದೆ, ರಾತ್ರಿ ಗಾಳಿ ಒಳಹೊಕ್ಕು ಡೀಸೆಲ್ ಹಿಂದಕ್ಕೆ ಇಳಿದುಹೋಗುತ್ತಿತ್ತು. ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದಾಗ ತಳದಲ್ಲಿ ಎರಡು ಬೆರಳು ನೀರು ನಿಂತದ್ದನ್ನೂ ತೋರಿಸಿದರು. ಮಳೆಗಾಲವಿಡೀ ಡ್ರಮ್ಮಿನಲ್ಲಿಟ್ಟ ಡೀಸೆಲ್ ಹಾಕಿದ ತಪ್ಪು ನನ್ನದೇ. ಎಲ್ಲ ಸೇರಿ ಆದ ಖರ್ಚು ಮೊದಲಿನ ಬಿಲ್ಲಿನ ಕಾಲು ಭಾಗವನ್ನೂ ಮುಟ್ಟಲಿಲ್ಲ.

ಇಂಜೆಕ್ಟರ್ ಕೆಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಿಸಿಯಾದ ಮೇಲೂ ನಡುಕ ನಿಲ್ಲದಿದ್ದರೆ ಇಂಜೆಕ್ಟರ್, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್, ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ (ಕಂಪ್ರೆಷನ್) ಎಲ್ಲವನ್ನೂ ನೋಡಲೇಬೇಕು. 2020ರ ಏಪ್ರಿಲ್ ನಂತರದ, ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಗಳಾದರೆ ಸ್ಕ್ಯಾನರ್ ಜೋಡಿಸಿ ಯಾವ ದೋಷದ ಕೋಡ್ ಬರುತ್ತದೆಂದು ಮೊದಲು ಓದಬೇಕು. ಆದರೆ ನೂರು ರೂಪಾಯಿಯ ಬಲ್ಬಿನಿಂದ ತಿಳಿಯುವುದನ್ನು ಬಿಟ್ಟು ಸಾವಿರಗಟ್ಟಲೆಯ ಭಾಗಗಳಿಗೆ ಕೈ ಹಾಕುವುದು ಯಾವ ನ್ಯಾಯ? ಚಾಲಕರಲ್ಲೂ ಒಂದು ಮಾತು: ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ, ಕಾದ ತುದಿಗೆ ತಗುಲಿ ಸಿಡಿಯುವ ಅಪಾಯವಿದೆ. ತಣ್ಣನೆಯ ಎಂಜಿನ್ನನ್ನು ‘ಬೇಗ ಬಿಸಿಯಾಗಲಿ’ ಎಂದು ರೇಸ್ ಮಾಡುವ ಅಭ್ಯಾಸವನ್ನೂ ಬಿಟ್ಟರೆ ಒಳ್ಳೆಯದು, ಆ ಹೊತ್ತಿಗೆ ಆಯಿಲ್ ಇನ್ನೂ ಮಂದವಾಗಿರುತ್ತದೆ.

ಜಿಲ್ಲೆಯ ವರ್ಕ್‌ಶಾಪುಗಳಲ್ಲಿ ನನ್ನ ವಿನಂತಿ ಇಷ್ಟೆ. ಡಿಸೆಂಬರಿನಿಂದ ಫೆಬ್ರವರಿಯವರೆಗಾದರೂ ಇಂಥ ದೂರಿನ ಗಾಡಿಗಳನ್ನು ಸಂಜೆಯೇ ತಮ್ಮಲ್ಲಿ ಇರಿಸಿಕೊಂಡು, ಬೆಳಿಗ್ಗೆ ಮಾಲೀಕರ ಎದುರಿನಲ್ಲೇ ಮೊದಲ ಸ್ಟಾರ್ಟ್ ಮಾಡಿ ನೋಡಲಿ. ಯಾವ ಪ್ಲಗ್ ಎಷ್ಟು ಓಮ್ ತೋರಿಸಿತು ಎಂಬುದನ್ನು ಬಿಲ್ಲಿನಲ್ಲಿ ಬರೆಯಲಿ. ಬಿಚ್ಚಿದ ಹಳೆಯ ಭಾಗಗಳನ್ನು ನಮ್ಮ ಕೈಗೆ ಕೊಡಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು