ಒಂದು ಬೇರಿನ ‘ಚಾರ್ಜ್’, ಎರಡು ಬೇರಿನ ‘ಕೇಸ್’

ಮಾನ್ಯ ಸಂಪಾದಕರೇ,

ನಮ್ಮೂರಿನ ಕಚೇರಿಯೊಂದರ ಗೋಡೆಗೆ ಅಂಟಿಸಿರುವ ಕನ್ನಡ ಪ್ರಕಟಣೆಯಲ್ಲಿ ‘ಹೆಚ್ಚುವರಿ ಶುಲ್ಕವುಳ್ಳ ಅಧಿಕಾರಿಯನ್ನು ಕಾಣತಕ್ಕದ್ದು’ ಎಂದಿದೆ. ಅದನ್ನು ಓದಿದ ಹಿರಿಯರೊಬ್ಬರು, ಎಷ್ಟು ಹಣ ಕಟ್ಟಬೇಕೆಂದು ನನ್ನನ್ನು ಕೇಳಿದರು. ಮೂಲದಲ್ಲಿದ್ದ ‘ಅಡಿಷನಲ್ ಚಾರ್ಜ್’ ಎಂಬುದಕ್ಕೆ ಅಲ್ಲಿ ಹೊಣೆಯೆಂಬ ಅರ್ಥವೇ ಹೊರತು ಹಣದ ಮಾತಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡದಲ್ಲಿ ಪ್ರಕಟಣೆ ಬೇಕೆಂದು ಕೇಳುತ್ತ ಬಂದಿರುವ ನಮಗೆ, ಸಿಕ್ಕಿದ ಕನ್ನಡವೂ ಹೀಗಿದ್ದರೆ ಮಲಯಾಳಂ ಪ್ರತಿಯನ್ನೇ ಓದಿಸಿಕೊಳ್ಳುವುದು ಸುಲಭವೆನಿಸುತ್ತದೆ.

‘ಚಾರ್ಜ್’ ಎಂಬ ನಾಮಪದಕ್ಕೆ ಅರ್ಥಗಳು ಹಲವಿದ್ದರೂ ಬೇರು ಒಂದೇ. ಲ್ಯಾಟಿನ್ನಿನಲ್ಲಿ ‘ಕರ್ರುಸ್’ ಎಂದರೆ ಬಂಡಿ. ಬಂಡಿಗೆ ಹೇರುವುದೆಂಬ ಅರ್ಥದ ಕ್ರಿಯಾಪದದಿಂದ ಈ ಶಬ್ದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ನಮ್ಮ ‘ಕಾರು’, ಹಡಗಿನ ‘ಕಾರ್ಗೋ’ ಎರಡೂ ಇದರ ನಂಟರೇ. ಬಸ್ಸಿನ ಚಾರ್ಜು ನಮ್ಮ ಮೇಲೆ ಹೇರಿದ ಖರ್ಚು, ಚಾರ್ಜ್‌ಶೀಟಿನದು ಹೊರಿಸಿದ ತಪ್ಪು, ಅಧಿಕಾರಿ ವಹಿಸಿಕೊಳ್ಳುವುದು ಹೊತ್ತ ಹೊಣೆ, ಮೊಬೈಲಿಗೆ ಮಾಡುವುದು ತುಂಬಿದ ವಿದ್ಯುತ್ತು. ನಾವೂ ತಪ್ಪು ‘ಹೊರಿಸುತ್ತೇವೆ’, ಹೊಣೆ ‘ಹೊರುತ್ತೇವೆ’. ಸಂಸ್ಕೃತದ ‘ಆರೋಪ’ವೂ ಮೂಲತಃ ಮೇಲೇರಿಸುವುದೇ. ನೆರೆಯ ಮಲಯಾಳಂನಲ್ಲಿ ‘ಚುಮಡ್’ ಎಂದರೆ ಹೊರೆ, ‘ಚುಮತಲ’ ಎಂದರೆ ಹೊಣೆ. ಆದುದರಿಂದ ಈ ಶಬ್ದವನ್ನು ಕನ್ನಡಕ್ಕೆ ತರುವವರು, ಇಲ್ಲಿ ಯಾರು ಏನನ್ನು ಹೊರುತ್ತಿದ್ದಾರೆ ಎಂದು ಕೇಳಿಕೊಂಡರೆ ಹೆಚ್ಚಿನ ಕಡೆ ದಾರಿ ತಪ್ಪುವುದಿಲ್ಲ.

‘ಕೇಸ್’ ಹಾಗಲ್ಲ. ಸೂಟ್‌ಕೇಸಿನ ‘ಕೇಸ್’ ಲ್ಯಾಟಿನ್ನಿನ ‘ಕಪ್ಸ’, ಅಂದರೆ ಪೆಟ್ಟಿಗೆ, ಎಂಬುದರಿಂದ ಬಂದದ್ದು. ಕೋರ್ಟಿನ ಕೇಸಾದರೋ ‘ಕಾಸುಸ್’, ಅಂದರೆ ಬೀಳುವಿಕೆ, ಎಂಬ ಬೇರೆಯೇ ಶಬ್ದದ ಸಂತಾನ. ಬಂದೊದಗಿದ್ದು ಎಂಬರ್ಥದಿಂದ ಅದು ಪ್ರಕರಣವಾಯಿತು. ಇಂಗ್ಲಿಷ್ ವ್ಯಾಕರಣದಲ್ಲಿ ವಿಭಕ್ತಿಗೆ ‘ಕೇಸ್’ ಎನ್ನುವುದೂ ಈ ಬೀಳುವಿಕೆಯಿಂದಲೇ: ನಾಮಪದವು ನೆಟ್ಟಗಿನ ಪ್ರಥಮೆಯಿಂದ ಅತ್ತಿತ್ತ ಬಾಗಿ ಬೀಳುತ್ತದೆಂಬ ಗ್ರೀಕರ ಕಲ್ಪನೆಯನ್ನು ಲ್ಯಾಟಿನ್ ವೈಯಾಕರಣರು ಹಾಗೆಯೇ ಅನುವಾದಿಸಿಕೊಂಡರು. ‘ವಿಭಕ್ತಿ’ ಎಂದ ನಮ್ಮವರಿಗೆ ಕಂಡದ್ದು ವಿಭಜನೆ. ಕುತೂಹಲಕ್ಕೆ ಹೇಳುವುದಾದರೆ, ‘ಕ್ಯಾಶ್’ ಎಂಬುದು ಪೆಟ್ಟಿಗೆಯ ಕೇಸಿನ ಸಂಬಂಧಿಯೇ ಹೊರತು ಕೋರ್ಟಿನ ಕೇಸಿನದಲ್ಲ, ವ್ಯಾಜ್ಯ ನಡೆಸಿದವರು ಇದನ್ನು ಒಪ್ಪಲಿಕ್ಕಿಲ್ಲ. ಹೀಗೆ ಎರಡು ಶಬ್ದಗಳು ಉಚ್ಚಾರ ಸವೆದು ಒಂದಾಗಿರುವಲ್ಲಿ, ಎಲ್ಲ ಅರ್ಥಗಳಿಗೂ ಹೊಂದುವ ಒಂದು ಎಳೆಯನ್ನು ಹುಡುಕುವುದು ವ್ಯರ್ಥ.

ನಿಘಂಟಿನಲ್ಲಿ ಮೊದಲು ಕಂಡ ಅರ್ಥವನ್ನೇ ಎತ್ತಿಕೊಳ್ಳುವ ಅನುವಾದಕರಿಗೆ ಈ ಭೇದವನ್ನು ಅರ್ಧ ದಿನದ ತರಬೇತಿಯಲ್ಲಿ ತಿಳಿಸಬಹುದು. ಆ ಪ್ರಕಟಣೆ ಇನ್ನೂ ಗೋಡೆಯ ಮೇಲಿದೆ. ‘ಶುಲ್ಕವುಳ್ಳ’ ಎಂಬುದನ್ನು ಹೊಡೆದು ‘ಹೊಣೆ ಹೊತ್ತ’ ಎಂದು ಬರೆದರೆ ಸಾಕು.

– ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಬದಿಯಡ್ಕ